ಸೇತುವೆಯ ಈಚೆಗೆ ನಿಂತ ಲಾರಿ

ಅಕ್ಕ ಇನ್ನಿಲ್ಲ ಎಂಬ ಸುದ್ದಿ ಫೋನಿನಲ್ಲಿ ಬಂದಾಗ ಬಸ್ಸು ಲಾರಿಗಳ ಸೀಟು ಹೊಲಿಯುತ್ತಿದ್ದ ಸೀಟು ಮಾಸ್ತರ ಕಂಪ್ಯೂಟರಿನ ಮುಂದೆ ನಿಂತು ಅದಕ್ಕೆ ಛೀಮಾರಿ ಹಾಕುತ್ತಿದ್ದ. ಹಿಂದಿನ ದಿನ ಎದೆ ಹಿಡಿದುಕೊಂಡು ಕುರ್ಚಿಯಿಂದ ಎದ್ದ ಅಕ್ಕ, ಆಡುತ್ತಿದ್ದ ಲಾರಿ ಆಟವನ್ನು ಹಾಗೇ ಬಿಟ್ಟು, ಅದನ್ನು ಆರಿಸದೆ ಆಸ್ಪತ್ರೆಗೆ ಹೋಗಿದ್ದಳು. ಬೆಳಿಗ್ಗೆ ತಂಗಿಯ ಮಗಳು, ‘ನೀವು ಮನೆಗೆ ಹೋಗಿ ಸ್ನಾನ ಮಾಡಿ ಬನ್ನಿ ಮಾಮ, ನಾನಿದ್ದೀನಲ್ಲ’ ಎಂದು ಅವನನ್ನು ಕಳಿಸಿದ್ದಳು. ಬಂದು ನೋಡಿದರೆ ಪರದೆಯ ನಡುವೆ ಅದೇ ಬಿಳಿಯ ಚೌಕ. ಅಕ್ಕನಿಂದ ಕೇಳಿ ಕೇಳಿ ಅದರ ಒಕ್ಕಣೆ ಅವನಿಗೆ ಬಾಯಿಪಾಠವಾಗಿತ್ತು: ಆಟ ಕೆಲಸ ನಿಲ್ಲಿಸಿದೆ, ವಿಂಡೋಸು ಪರಿಹಾರ ಹುಡುಕುತ್ತಿದೆ. ಹುಡುಕುತ್ತಿದೆಯಂತೆ! ಹುಡುಕುವವನಿಗೆ ಸಿಗಬೇಕೆಂಬ ಮನಸ್ಸಿದ್ದರೆ ತಾನೆ ಸಿಗುವುದು. ಕೆಲಸಗಳ್ಳ ಕೆಲಸಗಾರರನ್ನು ಅವನು ಬೇಕಾದಷ್ಟು ನೋಡಿದ್ದ. ಕತ್ತರಿ ಎಲ್ಲಿ ಅಂದರೆ ಹುಡುಕುತ್ತಾ ಇದ್ದೀನಿ ಅಂತ ಊಟದ ಹೊತ್ತಿನವರೆಗೂ ಮೇಜಿನ ಕೆಳಗೇ ಇರುವ ಜಾತಿ. ಫೋನು ಬಡಿದುಕೊಂಡಾಗ ಅವನು, ‘ಇರು ಸ್ವಲ್ಪ, ಈ ದರಿದ್ರ ಪೆಟ್ಟಿಗೆ ಆರಿಸಿ ಹೊರಟೆ’ ಅಂದ. ‘ಏನು, ಅವಳಿಗೆ ತಿನ್ನೋಕೆ ಏನಾದ್ರೂ ತರಬೇಕಾ?’ ಅಂದ. ‘ಮಾಮ, ದೊಡ್ಡಮ್ಮ ಹೋಗಿಬಿಟ್ರು’ ಅಂದಳು ಹುಡುಗಿ. ಅವನ ಬಾಯಿಂದ ಬಂದದ್ದು, ‘ಎಲ್ಲಿಗೆ?’

ಆ ‘ಎಲ್ಲಿಗೆ’ ನೆನಪಾದಾಗೆಲ್ಲ ಅವನ ಕಿವಿ ಬಿಸಿಯಾಗುತ್ತಿತ್ತು. ಹೆಡ್ಡ. ಆಸ್ಪತ್ರೆಯಲ್ಲಿ ಅವಳಿಗೆ ಹೊದಿಸಿದ್ದ ಬಿಳಿ ಬಟ್ಟೆ ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ. ಯಾವ ಅವಿವೇಕಿ ಹೊದಿಸಿದ್ದನೋ. ಮಾಸ್ತರ ನೋಡುವಷ್ಟು ನೋಡಿ, ತಡೆಯಲಾರದೆ ನಾಲ್ಕೂ ಮೂಲೆ ಎಳೆದು ಸಮ ಮಾಡಿದ, ಭುಜದ ಹತ್ತಿರದ ಸುಕ್ಕು ತೀಡಿದ, ಅಂಚನ್ನು ಹಾಸಿಗೆಯ ಅಡಿಗೆ ಬಿಗಿಯಾಗಿ ತುರುಕತೊಡಗಿದ, ಬಸ್ಸಿನ ಸೀಟಿಗೆ ರೆಕ್ಸಿನ್ನು ಎಳೆದು ಕಟ್ಟುವ ಹಾಗೆ. ‘ಸಾಕು ಬಿಡಿ ಮಾಮ’ ಎಂದು ಹುಡುಗಿ ಅವನ ಕೈ ಹಿಡಿದುಕೊಳ್ಳಬೇಕಾಯಿತು. ಅವನಿಗೆ ಅಳು ಬರಲಿಲ್ಲ, ಬಂದದ್ದು ತಾತ್ಸಾರ. ‘ಒಳ್ಳೇ ಸಾವು, ನರಳಲಿಲ್ಲ’ ಎಂದ ಪಕ್ಕದ ಮನೆಯ ಗುಮಾಸ್ತನ ಮೇಲೆ: ಸಾವಿಗೆ ಅಂಕ ಕೊಡಲು ಇವನೇನು ಪರೀಕ್ಷಕನೇ? ಬಾಗಿಲಲ್ಲಿ ಚಪ್ಪಲಿ ಕಳಚುವಾಗ ನಗುತ್ತಿದ್ದು ಒಳಗೆ ಬಂದೊಡನೆ ಮುಖ ಇಳಿಬಿಟ್ಟ ಹಳೆಯ ಗಿರಾಕಿಗಳ ಮೇಲೆ. ಕೊನೆಗೆ ತನ್ನ ಮೇಲೂ. ಯಾಕೆಂದರೆ ಬೆಳಿಗ್ಗೆ ಸಂಜೆ ತಪ್ಪದೆ ದೇವರೆದುರು ಕೈ ಜೋಡಿಸಿ ಕೂರುವ ಅವನಿಗೆ ಈಗ ಪ್ರಾರ್ಥನೆ ಬರುತ್ತಿರಲಿಲ್ಲ. ‘ಭಗವಂತಾ, ನಮ್ಮಕ್ಕನ ಆತ್ಮಕ್ಕೆ’ ಎನ್ನುವವರೆಗೆ ಸಲೀಸು. ಅಲ್ಲಿಗೆ ನಿಲ್ಲುತ್ತಿತ್ತು. ಮುಂದಿನ ಮಾತು ಬರಬೇಕಾದ ಜಾಗಕ್ಕೆ, ಅವನೇ ಅಕ್ಕನಿಗೆ ಆಡಿದ ಕೊನೆಯ ಮಾತು ಬಂದು ಅಡ್ಡ ನಿಲ್ಲುತ್ತಿತ್ತು. ‘ಇದನ್ನ ಒಂದ್ಸಲ ಸರಿ ಮಾಡಿಸಿಕೊಡೋ, ಸೇತುವೆ ದಾಟಿಬಿಟ್ಟರೆ ಸಾಕು, ಆಮೇಲೆ ನಾನು ಮುಟ್ಟೋದೇ ಇಲ್ಲ’ ಎಂದು ಅವಳು ಕೇಳಿದ್ದಳು. ಅವನು ಪೇಪರಿನಿಂದ ತಲೆ ಎತ್ತದೆ, ‘ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ, ಲಾರಿ ಬೇರೆ ಕೇಡು ನಿನಗೆ’ ಎಂದಿದ್ದ. ಅವಳು ಎದೆ ಹಿಡಿದುಕೊಂಡು ಎದ್ದದ್ದು ಆಮೇಲೆ.

ಕಾರ್ಯಗಳೆಲ್ಲ ಮುಗಿದಿವೆ; ಇವತ್ತು ಸಂಜೆ ತಂಗಿಯ ಅಳಿಯ ಬಂದು ಕಂಪ್ಯೂಟರನ್ನು ಒಯ್ಯುತ್ತಾನೆ. ಕೊಟ್ಟವರೇ ಅವರು; ಕೇಳುವ ಹಕ್ಕಿದೆ. ‘ಫಾರ್ಮ್ಯಾಟ್ ಮಾಡಿ ಅಂಗಡಿಗೆ ಇಟ್ಕೋತೀನಿ ಮಾವ, ನಿಮಗೆ ಹೇಗೂ ಬೇಡವಲ್ಲ’ ಎಂದಿದ್ದ. ಫಾರ್ಮ್ಯಾಟ್ ಅಂದರೆ ಒಳಗಿರುವುದನ್ನೆಲ್ಲ ಒರೆಸಿ ಹಾಕುವುದು ಎಂದು ವಿಚಾರಿಸಿ ತಿಳಿದ ಮೇಲೆ ಮಾಸ್ತರನಿಗೆ ಊಟ ರುಚಿಸಲಿಲ್ಲ. ಅಕ್ಕನ ಲಾರಿ ಒಳಗೇ ನಿಂತಿದೆ. ಗಾಜು ತುಂಬಿಕೊಂಡು, ಬೆಟ್ಟದ ಬುಡದಲ್ಲಿ. ಅದೊಂದು ಸೇತುವೆ ದಾಟಿದರೆ ಪ್ರಾರ್ಥನೆಯೂ ದಾಟೀತು ಎಂದು ಅವನು ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಬೇರೆ ಯಾರಾದರೂ ಹಾಗಂದಿದ್ದರೆ ಮೊದಲು ನಗುತ್ತಿದ್ದವನು ಅವನೇ. ಆದರೂ ಬೆಳಿಗ್ಗೆ ಬೀದಿಯ ಕೊನೆಯ ರಿಪೇರಿ ಅಂಗಡಿಗೆ ಹೋಗಿ, ರೀಸ್ಟಾರ್ಟನನ್ನು ಕರೆದುಕೊಂಡು ಬಂದ.

ರೀಸ್ಟಾರ್ಟ ಎಂದರೆ ಬೀದಿಯವರು ಕೊಟ್ಟ ಹೆಸರು. ಯಾವ ಕಾಯಿಲೆಗೂ ಅವನಲ್ಲಿ ಇದ್ದದ್ದು ಅದೊಂದೇ ಮದ್ದು. ತುಂಬಿದ ಮೈ, ಸಾಲದ ಅಂಗಿ. ಕೂತ ಕುರ್ಚಿ ಕಿರುಗುಟ್ಟಿತು. ಅಕ್ಕ ಬದುಕಿದ್ದಾಗಲೂ ಅವನು ಬಂದಿದ್ದ. ಅವತ್ತು, ಕಂಪ್ಯೂಟರಿನ ಒಳಗಿನ ತಂತ್ರಾಂಶವೊಂದನ್ನು ಕುರಿತು, ‘ಡ್ರೈವರ್ ಹಳೇದಾಗಿದೆ ಅಮ್ಮ, ಹೊಸದು ಹಾಕಬೇಕು’ ಎಂದಾಗ ಅಕ್ಕ, ‘ಗೊತ್ತಪ್ಪಾ, ಮಂಡಿನೋವು ಬೇರೆ ಇದೆ. ಆದರೆ ಈ ಲಾರಿಗೆ ನಾನು ಬಿಟ್ಟರೆ ಬೇರೆ ಗತಿಯಿಲ್ಲ’ ಎಂದು ನಕ್ಕಿದ್ದಳು. ಅವಳ ನಗುವಿಗೆ ಒಂದು ಹಲ್ಲು ಕಡಿಮೆ. ಮಾಸ್ತರ ಮಾತ್ರ ಬಾಗಿಲಲ್ಲಿ ನಿಂತು, ವಯಸ್ಸಾದವಳು ಪರರೆದುರು ಹೀಗೆ ನಗಬಾರದೆಂದು ಮುಖ ಗಂಟಿಕ್ಕಿದ್ದ. ಈಗ ರೀಸ್ಟಾರ್ಟ ಅದೇ ಕುರ್ಚಿಯಲ್ಲಿ ಕೂತು, ಅದೇ ಗುಂಡಿಗಳನ್ನು ಒತ್ತಿ, ಅದೇ ಮಾತು ಆಡಿದ.

‘ಮೊದಲು ರೀಸ್ಟಾರ್ಟ್ ಮಾಡಿ ನೋಡೋಣ ಮಾಸ್ತರೇ.’

‘ನೋಡಪ್ಪ. ನೋಡೋಕೇನು, ಕಣ್ಣು ನಿಂದು.’

ಮಾಡಿದ. ವೈರಸ್ಸು ಕಾಯುವ ಯಾವುದನ್ನೋ ಆರಿಸಿದ. ಚಿತ್ರದ ಹೊಳಪು ಇಳಿಸಿದ. ಲಾರಿಯ ಬಣ್ಣ ತೊಳೆದ ಹಾಗಾಯಿತು. ಆಟ ಶುರುವಾಯಿತು, ಲಾರಿ ಬುಡದ ತಂಗುದಾಣದಿಂದ ಹೊರಟಿತು. ರೀಸ್ಟಾರ್ಟ ಓಡಿಸುವುದು ನೋಡಿದರೆ ಗಾಜಲ್ಲ, ಹುಲ್ಲು ತುಂಬಿದ ಹಾಗಿತ್ತು. ತಿರುವಿನ ಮೇಲೆ ತಿರುವು ಹತ್ತಿ, ಕೊನೆಯ ತಿರುವಿನಲ್ಲಿ ಹೊಳೆ ಕಾಣಿಸಿತು, ಹೊಳೆಯ ಮೇಲೆ ಕಬ್ಬಿಣದ ಸೇತುವೆ. ಮಾಸ್ತರ ಉಸಿರು ಹಿಡಿದ. ನೀರು ಒಮ್ಮೆ ಮಿಂಚಿತು. ಪರದೆ ಕಪ್ಪಾಯಿತು. ಬಿಳಿಯ ಚೌಕ ಬಂದು, ಪರಿಹಾರ ಹುಡುಕುತ್ತಿದ್ದೇನೆ ಎಂದಿತು.

‘ಆಟದ ಫೈಲೇ ಕೆಟ್ಟಿದೆ. ಪೂರ್ತಿ ತೆಗೆದು ಹೊಸದಾಗಿ ಹಾಕಿಬಿಡೋಣ.’

‘ಹಾಕಿದರೆ ಅಕ್ಕನ ಲಾರಿ?’

‘ಅದೂ ಹೋಗುತ್ತೆ. ಅದಕ್ಕೇನು, ಮೊದಲಿಂದ ಶುರು ಮಾಡಬಹುದಲ್ಲ. ಬೇರೆ ಲಾರಿ ಕೊಡ್ತಾರೆ.’

‘ಅಲ್ಲಯ್ಯಾ, ನೀನು ಹಲ್ಲು ನೋವು ಅಂತ ಹೋದರೆ ತಲೆ ತೆಗೆದು ಬೇರೆ ಇಟ್ಟು ಕಳಿಸಿದರೆ ಹೇಗಿರುತ್ತೆ?’

‘ಕೋಪ ಮಾಡ್ಕೋಬೇಡಿ. ಇದು ಆಟ ಅಷ್ಟೇ ಮಾಸ್ತರೇ.’

‘ಅಷ್ಟೇ ಅಂತ ನಂಗೊತ್ತು. ಅದನ್ನ ನಾನು ಹೇಳಬಹುದು. ನೀನು ಹೇಳಬಾರದು. ಎದ್ದೇಳು.’

ರೀಸ್ಟಾರ್ಟ ಎದ್ದ. ಹೋಗುವಾಗ ಸಮಾಧಾನಕ್ಕೆಂದು ಮೇಜಿನ ಮೇಲೆ ಪರದೆಯ ಪಕ್ಕ ಕೂತಿದ್ದ ಕಂಪ್ಯೂಟರಿನ ಪೆಟ್ಟಿಗೆಯನ್ನು ತಟ್ಟಿ, ‘ಏನೇ ಹೇಳಿ, ನಿಮ್ಮ ಹೊಲಿಗೆ ಮಾತ್ರ ಹೊಲಿಗೆ. ಇಂಥ ಕವರು ಕಂಪನಿಯವರೂ ಮಾಡಲ್ಲ’ ಎಂದ. ಆ ಮಾತಿಗೆ ಮಾಸ್ತರನ ಮುಖ ಸ್ವಲ್ಪ ಸಡಿಲವಾಯಿತು. ಸಡಿಲವಾದದ್ದು ತಿಳಿದು ಮತ್ತೆ ಬಿಗಿದುಕೊಂಡಿತು.

ಈ ಮನೆಯಲ್ಲಿ ಬೆತ್ತಲೆ ನಿಂತ ವಸ್ತು ಒಂದೂ ಇರಲಿಲ್ಲ. ಫ್ರಿಜ್ಜಿಗೆ ಅಂಗಿ, ಟೀವಿಗೆ ಅಂಗಿ, ಹೊಲಿಗೆಯ ಯಂತ್ರಕ್ಕೆ ಅಂಗಿಯ ಮೇಲೊಂದು ಅಂಗಿ. ಜೀವಮಾನವೆಲ್ಲ ಬಸ್ಸು ಲಾರಿಗಳ ಸೀಟು ಹೊಲಿದ ಕೈ. ಅಂಗಡಿ ಬಿಟ್ಟುಕೊಟ್ಟ ಮೇಲೂ ಸುಮ್ಮನಿರಲು ಅದಕ್ಕೆ ಬರುತ್ತಿರಲಿಲ್ಲ. ‘ನಾನು ಒಂದು ಕಡೆ ಅಲುಗಾಡದೆ ಕೂತರೆ ನನಗೂ ಒಂದು ಹೊಲಿದುಬಿಡ್ತಾನೆ ಇವನು’ ಎಂದು ಅಕ್ಕ ಬಂದವರಿಗೆ ಹೇಳುತ್ತಿದ್ದಳು. ಕಂಪ್ಯೂಟರು ಮನೆಗೆ ಬಂದಾಗ ಅವನು ಪೆಟ್ಟಿಗೆಯ ಅಳತೆ ತೆಗೆದು, ಲಾರಿ ಸೀಟಿಗೆಂದು ತರಿಸಿ ಉಳಿದಿದ್ದ ಮೆರೂನು ರೆಕ್ಸಿನ್ನಿನಲ್ಲಿ ಕವರು ಹೊಲಿದಿದ್ದ. ಅಂಚಿಗೆ ಪೈಪಿಂಗು, ಮೂಲೆಗೆ ಎರಡೆಳೆ ಹೊಲಿಗೆ, ಗುಂಡಿ ಒತ್ತಲು ಮುಂದೆ ಒಂದು ತೂತು, ವೈರಿಗೆ ಹಿಂದೆ ಒಂದು ಸೀಳು. ‘ಒಂದು ಜಿಪ್ಪಾದರೂ ಇಡೋ’ ಎಂದಿದ್ದಳು ಅಕ್ಕ. ಜಿಪ್ಪು ಇಡುವುದು ಧೂಳಿಗೆ ಬಾಗಿಲು ಇಟ್ಟಂತೆ ಎಂದು ಅವನು ಪೆಟ್ಟಿಗೆಯ ಮೇಲೆಯೇ ಕೊನೆಯ ಹೊಲಿಗೆ ಹಾಕಿ ಮುಚ್ಚಿಬಿಟ್ಟಿದ್ದ. ಧೂಳು ಅವನ ಪರಮ ವೈರಿ. ಅದರ ಭಯಕ್ಕೆ ಈ ಕೋಣೆಯ ಕಿಟಕಿ ತೆರೆಯುವಂತಿರಲಿಲ್ಲ. ‘ವಿಂಡೋಸು ಅಂದರೆ ಕಿಟಕಿಗಳಂತೆ ಕಣೋ, ಇದರೊಳಗಾದರೂ ಇರಲಿ ಬಿಡು’ ಎಂದು ಅಕ್ಕ ಚುಚ್ಚಿದ್ದಳು.

ಆ ಲಾರಿ ಆಟ ತಂಗಿಯ ಮೊಮ್ಮಗು ಆಡಿ ಬಿಟ್ಟದ್ದು. ಇವಳು ಯಾವಾಗ ಅದರೊಳಗೆ ಹತ್ತಿ ಕೂತಳೋ ಅವನು ಗಮನಿಸಲಿಲ್ಲ. ಒಂದು ದಿನ ಊಟದ ತಟ್ಟೆ ತೊಳೆದು ಕೈ ಒರೆಸಿಕೊಂಡವಳು ನೇರ ಹೋಗಿ ಕುರ್ಚಿಯಲ್ಲಿ ಕೂತು ಕನ್ನಡಕ ಏರಿಸಿದಳು, ಡ್ಯೂಟಿಗೆ ಹೊರಟವಳ ಹಾಗೆ. ಅಪ್ಪ ಅಮ್ಮ ಹೋದ ಮೇಲೆ ತಮ್ಮ ತಂಗಿಯನ್ನು ಸಾಕಿದವಳು. ಸಂತೆ, ಆಸ್ಪತ್ರೆ, ಶಾಲೆಯ ಬಾಗಿಲು ಬಿಟ್ಟು ಬೇರೆ ದಾರಿ ಕಾಣದವಳು. ತಮ್ಮ ಸೀಟು ಹೊಲಿದ ಒಂದು ಬಸ್ಸಿನಲ್ಲೂ ಕೂತು ಎಲ್ಲಿಗೂ ಹೋಗದವಳು. ‘ಬಾರೋ ಇಲ್ಲಿ, ಈ ಸೀಟು ನೋಡು’ ಎಂದು ಕರೆಯುತ್ತಿದ್ದಳು. ‘ಸೊಂಟದ ಹತ್ತಿರ ಸ್ಪಂಜೇ ಇಲ್ಲ. ಇಷ್ಟು ದೂರ ಹೋಗೋರ ಬೆನ್ನು ಏನಾಗಬೇಡ?’ ‘ಚಿತ್ರಕ್ಕೆ ಬೆನ್ನು ಎಲ್ಲಿಂದ ಬಂತು’ ಎಂದು ಅವನು ಅನ್ನುತ್ತಿದ್ದ. ಅಂದರೂ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ, ಮತ್ತು ಸೊಂಟದ ಹತ್ತಿರ ಸ್ಪಂಜು ಇಲ್ಲದ್ದು ನಿಜವೆಂದು ತಿಳಿದು ಇನ್ನಷ್ಟು ರೇಗುತ್ತಿದ್ದ. ಗಾಜಿನ ಲೋಡು ಸಿಕ್ಕಿದ ಮೇಲೆ ಅವಳಿಗೆ ಅದೇ ಧ್ಯಾನ. ತಂಗುದಾಣದಿಂದ ಸೇತುವೆಯ ತನಕ, ಮತ್ತೆ ಕಪ್ಪು, ಮತ್ತೆ ತಂಗುದಾಣ. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಎಂಬ ಹಾಗೆ, ಹತ್ತಿದ್ದೆಲ್ಲ ಒಂದು ಕ್ಷಣಕ್ಕೆ ನೀರಿಗೆ. ‘ಆ ಕಡೆ ಗಾಜಿಗೆ ಕಾಯ್ತಾ ಇರ್ತಾರಲ್ಲೋ’ ಎನ್ನುತ್ತಿದ್ದಳು. ‘ಅಲ್ಲಿ ಯಾರೂ ಇಲ್ಲ ಕಣೇ’ ಎಂದು ಅವನು ಒಂದು ದಿನ ಕೂಗಿಯೇ ಬಿಟ್ಟ, ‘ಯಾರೂ ಇಲ್ಲ, ಬರೀ ಬಣ್ಣ!’ ಅವಳು ಬಾಣದ ಗುಂಡಿಯಿಂದ ಬೆರಳು ತೆಗೆಯದೆ ಹೇಳಿದಳು: ‘ನೀನು ಬೆಳಿಗ್ಗೆ ಎದ್ದು ಕಣ್ಣು ಮುಚ್ಚಿ ಮಾತಾಡ್ತೀಯಲ್ಲ, ಅಲ್ಲಿ ಯಾರಿದ್ದಾರೆ ಅಂತ ನಾನು ಯಾವತ್ತಾದರೂ ಕೇಳಿದ್ದೀನಾ?’ ಅವತ್ತು ಸಂಜೆಯವರೆಗೆ ಅವನು ಅವಳೊಡನೆ ಮಾತಾಡಲಿಲ್ಲ. ಅವಳೂ ದೇವರನ್ನು ನಂಬಿದವಳೇ. ಆದರೆ ಅವಳ ನಂಬಿಕೆಗೆ ಇವನ ನಂಬಿಕೆಯ ಗಾಂಭೀರ್ಯ ಇರಲಿಲ್ಲ ಎಂದು ಅವನ ಎಣಿಕೆ. ಕಂಪ್ಯೂಟರಿಗೆ ಬೀಸಣಿಗೆಯಿಂದ ಗಾಳಿ ಹಾಕುವವಳ ನಂಬಿಕೆಗೆ ಏನು ಗಾಂಭೀರ್ಯ! ಹೌದು, ಹಾಕುತ್ತಿದ್ದಳು. ಬಲಗೈ ಗುಂಡಿಯ ಮೇಲೆ, ಎಡಗೈಯಲ್ಲಿ ಬೀಸಣಿಗೆ; ಬೆಟ್ಟ ಹತ್ತುವಾಗ ಜೋರಾಗಿ. ಕವರಿನ ಮೇಲೆ ಒಮ್ಮೊಮ್ಮೆ ಒದ್ದೆ ಬಟ್ಟೆ ಮಡಿಸಿ ಇಡುತ್ತಿದ್ದಳು, ಜ್ವರದ ಮಗುವಿನ ಹಣೆಗೆ ಇಟ್ಟಂತೆ. ‘ಲಾರಿಗೆ ಸುಸ್ತಾಗಿದೆಯೇನು? ಕಾಲು ಒತ್ತಿ ನೋಡು’ ಎಂದು ಅವನು ನಕ್ಕು, ಕರೆಂಟಿನ ಹತ್ತಿರ ನೀರು ಇಟ್ಟದ್ದಕ್ಕೆ ಬೈದು, ಬಟ್ಟೆಯನ್ನು ಎತ್ತಿ ಬಚ್ಚಲಿಗೆ ಎಸೆದು ಬರುತ್ತಿದ್ದ.

ಮಧ್ಯಾಹ್ನ ಅವನು ತಾನೇ ಕುರ್ಚಿಯಲ್ಲಿ ಕೂತ. ಕುರ್ಚಿಯ ದಿಂಬು ಅವನೇ ಹೊಲಿದದ್ದು, ಅವಳ ಭಾರಕ್ಕೆ ಬಲಗಡೆ ತಗ್ಗಿತ್ತು. ಯಾವುದನ್ನು ಒತ್ತಬೇಕೆಂದು ನೋಡಿ ನೋಡಿ ಗೊತ್ತಿತ್ತು, ಬೈಯುವುದಕ್ಕಾದರೂ ನೋಡಬೇಕಲ್ಲ. ಇಷ್ಟು ಗಾಡಿಗಳ ಡ್ರೈವರ್ ಸೀಟಿನಲ್ಲಿ ಕೂತು ಎದ್ದಿದ್ದ ಅವನಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಡ್ರೈವರುಗಳು ಇದನ್ನು ಹೇಳಿ ನಗುತ್ತಿದ್ದರು: ಮದುವೆ ಮಂಚ ಮಾಡುವ ಬ್ರಹ್ಮಚಾರಿ. ಮೇಲಿನ ಬಾಣ ಒತ್ತಿದ. ಲಾರಿ ಗುಮ್ಮೆಂದು ಹೊರಟಿತು. ಮೊದಲ ತಿರುವಿನಲ್ಲೇ ಗೋಡೆಗೆ ಸವರಿತು, ಎರಡನೆಯದರಲ್ಲಿ ಮೈಲಿಗಲ್ಲಿಗೆ. ಗಾಜು ಒಡೆಯುತ್ತಿದೆ ಎಂದು ಮೂಲೆಯಲ್ಲಿ ಕೆಂಪು ಗೆರೆ ಬಂತು. ‘ಒಡೀಲಿ’ ಎಂದ, ಹಾಗಂದರೂ ಬೆವರಿದ. ಅವನ ಎಡ ಮೊಣಕೈ ತಾನಾಗಿ ಪೆಟ್ಟಿಗೆಗೆ ಒರಗಿತ್ತು. ಮೇಲೆ ಹತ್ತಿದಂತೆ ಮೊಣಕೈಗೆ ಬೆಚ್ಚಗಾಯಿತು. ಆಮೇಲೆ ಬಿಸಿ. ಆಮೇಲೆ ಮೂಗಿಗೆ ಒಂದು ವಾಸನೆ ಬಂತು, ಮತ್ತು ಆ ವಾಸನೆಯೊಡನೆ ಅವನು ಮನೆಯ ಕೋಣೆಯಲ್ಲಿ ಇರಲಿಲ್ಲ, ಅಂಗಡಿಯ ಮುಂದೆ ನಿಂತ ಹಳೆಯ ಬಸ್ಸಿನ ಒಳಗೆ ಇದ್ದ. ಇಂಜಿನ್ನು ಡ್ರೈವರಿನ ಪಕ್ಕದಲ್ಲೇ ಇರುವ ಬಸ್ಸು. ಅದರ ಮುಚ್ಚಳದ ಮೇಲೆ ಹೊದಿಸಿದ ರೆಕ್ಸಿನ್ನು ಕಾದಾಗ ಬರುವ ವಾಸನೆ, ಒಂದು ಸಲ ಮೂಗಿಗೆ ಬಡಿದರೆ ಮರೆಯುವಂಥದಲ್ಲ. ಆ ಡ್ರೈವರು ಗಾಡಿ ಏರಿನಲ್ಲಿ ನಿಂತುಹೋಗುತ್ತಿದೆ ಎಂದು ಗೋಳಾಡುತ್ತಿದ್ದ. ಸದ್ದು ಕಡಿಮೆಯಾಗಲೆಂದು ಆ ಡ್ರೈವರೇ ಮುಚ್ಚಳದ ತೂತುಗಳ ಮೇಲೂ ದಪ್ಪ ಕವರು ಬಿಗಿದಿದ್ದ. ಆಗ ಮಾಸ್ತರ ಬೀದಿಗೆಲ್ಲ ಕೇಳುವಂತೆ ಅವನಿಗೆ ಪಾಠ ಹೇಳಿದ್ದ: ‘ಇಂಜಿನ್ನೂ ಉಸಿರಾಡಬೇಕು ಅಂತ ಗೊತ್ತಿಲ್ವೇನೋ ನಿನಗೆ? ಇದೇ ರೆಕ್ಸಿನ್ನನ್ನ ನಿನ್ನ ಮುಖಕ್ಕೆ ಕಟ್ಟಿ ಬೆಟ್ಟ ಹತ್ತಿಸ್ತೀನಿ ನೋಡು, ನೀನೂ ನಿಂತ್ಕೋತೀಯ!’ ಎಲ್ಲರೂ ನಕ್ಕಿದ್ದರು. ಮಾಸ್ತರನಿಗೂ ತನ್ನ ಮಾತು ರುಚಿಸಿತ್ತು, ಮನೆಗೆ ಬಂದು ಅಕ್ಕನಿಗೂ ಹೇಳಿ ನಗಿಸಿದ್ದ.

ಹೊಳೆ ಕಾಣಿಸಿತು. ಸೇತುವೆ. ಕಪ್ಪು. ಬಿಳಿಯ ಚೌಕ. ಪರಿಹಾರ ಹುಡುಕಲಾಗುತ್ತಿದೆ.

ಅವನು ಮೊಣಕೈ ತೆಗೆಯಲಿಲ್ಲ. ರೆಕ್ಸಿನ್ನು ಈಗ ತಾಳಲಾರದಷ್ಟು ಬಿಸಿ ಇತ್ತು, ತಾಳಿಕೊಂಡ. ಊರಿಗೆಲ್ಲ ಶಕುನ ಹೇಳುವ ಹಲ್ಲಿ. ಅಕ್ಕನಿಗೆ ಅವನೇ ಹೇಳಿ ನಗಿಸಿದ್ದ ಕತೆ! ಅಂದರೆ ಅವಳಿಗೆ ಗೊತ್ತಿತ್ತು. ಬೀಸಣಿಗೆ, ಒದ್ದೆ ಬಟ್ಟೆ. ಒಂದು ದಿನ ಅವಳು, ‘ಇದರ ಅಂಗಿ ಬಿಚ್ಚೋಣವೇನೋ, ಪಾಪ ಬೇಯ್ತಾ ಇದೆ’ ಎಂದೂ ಅಂದಿದ್ದಳು, ಈಗ ನೆನಪಾಯಿತು. ‘ನನ್ನ ಹೊಲಿಗೆಗೆ ಯಾರಾದರೂ ಬ್ಲೇಡು ತಾಗಿಸಿದರೆ ಈ ಮನೇಲಿ ನಾನಿರಲ್ಲ’ ಎಂದು ಅವನು ಹೇಳಿದ್ದ. ಅದು ಮಾತಿಗೆ ಬಂದ ಮಾತು. ಆದರೆ ಅವಳಿಗೆ ಗೊತ್ತಿದ್ದ ತಮ್ಮ, ಶಾಲೆಯಲ್ಲಿ ಏಟು ತಿಂದು ಬಂದು ಯಾರೊಡನೆಯೂ ಮಾತಾಡದೆ ಮೂಲೆಯಲ್ಲಿ ಕೂತು ಬಟ್ಟೆಯ ಚೂರುಗಳನ್ನು ಜೋಡಿಸಿ ಹೊಲಿಯುತ್ತಿದ್ದ ಹುಡುಗ. ಅವನ ಹೊಲಿಗೆಗೆ ಅವಳು ಎಂದೂ ಕತ್ತರಿ ಇಟ್ಟವಳಲ್ಲ.

ಹೊಲಿಗೆ ಬಿಚ್ಚುವ ಬ್ಲೇಡು ತಂದು ಮೂಲೆಯಿಂದ ಶುರು ಮಾಡಿದ. ಎರಡೆಳೆಯ ಹೊಲಿಗೆ ಸುಲಭಕ್ಕೆ ಬಿಡಲಿಲ್ಲ. ಯಾರೋ ಗಟ್ಟಿ ಮನುಷ್ಯ ಹೊಲಿದಿದ್ದಾನೆ ಎಂದು ಹಲ್ಲು ಕಡಿದ. ಕವರು ಸಿಪ್ಪೆಯಂತೆ ಸುಲಿದು ಬಂದಾಗ ಒಳಗಿಂದ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಹಿಂದಿನ ಜಾಲರಿಯಲ್ಲಿ ರೆಕ್ಸಿನ್ನಿನ ಒಳಮೈಯಿಂದ ಉದುರಿದ ಬಟ್ಟೆಯ ಜುಂಗು ದಪ್ಪ ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಧೂಳು ತಡೆಯಲು ಹಾಕಿದ್ದು ತಾನೇ ಧೂಳು ಹಡೆದಿತ್ತು. ಹೊಲಿಗೆ ಯಂತ್ರದ ಬ್ರಷ್ಷಿನಿಂದ ಅದನ್ನು ಕೆದಕಿ ತೆಗೆದ. ಆಗ ಪೆಟ್ಟಿಗೆ ಮೇಜಿಗೆ ತಾಗಿಲ್ಲವೆಂಬುದು ಕಣ್ಣಿಗೆ ಬಿತ್ತು. ನಾಲ್ಕು ಮೂಲೆಗೂ ಒಂದೊಂದು ಖಾಲಿ ದಾರದ ರೀಲು. ಕವರಿನ ಅಂಚು ಇಳಿಬಿದ್ದು ಮುಚ್ಚಿದ್ದರಿಂದ ಅವನಿಗೆ ಕಂಡೇ ಇರಲಿಲ್ಲ. ಹೊಲಿಗೆಗೆ ಕೈಯಿಡಲಾರದೆ, ಕೆಳಗಿನಿಂದಾದರೂ ಒಂದಿಷ್ಟು ಗಾಳಿ ಹೋಗಲಿ ಎಂದು, ಅವನು ಎಸೆದ ರೀಲುಗಳನ್ನು ಹೆಕ್ಕಿ, ಆ ಮಂಡಿನೋವಿನಲ್ಲಿ, ಅಷ್ಟು ಭಾರದ ಪೆಟ್ಟಿಗೆಯನ್ನು ಒಬ್ಬಳೇ ಎತ್ತಿ ಒಂದೊಂದಾಗಿ ಅಡಿಗೆ ಸೇರಿಸಿದ್ದಳು. ಅವನು ಆಗ ಎಲ್ಲಿದ್ದ? ಬಹುಶಃ ಆಚೆ ಕೋಣೆಯಲ್ಲಿ ಕಣ್ಣು ಮುಚ್ಚಿಕೊಂಡು ದೇವರ ಹತ್ತಿರ ಮಾತಾಡುತ್ತಿದ್ದ.

ಅವನು ಎದ್ದು ಹೋಗಿ ಕಿಟಕಿ ತೆರೆದ. ಅಗುಳಿ ತುಕ್ಕು ಹಿಡಿದಿತ್ತು, ಅಂಗೈ ಕೊಯ್ಯಿತು. ಬೀದಿಯ ಧೂಳು, ಸದ್ದು, ಗಾಳಿ ಎಲ್ಲ ಒಟ್ಟಿಗೆ ನುಗ್ಗಿದವು. ಪೆಟ್ಟಿಗೆಯ ಮೇಲೆ ಕೈಯಿಟ್ಟು ತಣ್ಣಗಾಗುವವರೆಗೆ ಕಾದ. ಬಿಸಿಲು ಗೋಡೆಯಿಂದ ಇಳಿದು ನೆಲಕ್ಕೆ ಬರುವ ಹೊತ್ತಿಗೆ ಮತ್ತೆ ಹೊರಟ. ತಿರುವಿಗೆ ಮುಂಚೆಯೇ ಬೆರಳು ಸಡಿಲಿಸಬೇಕೆಂದು ಈಗ ತಿಳಿದಿತ್ತು. ಅರ್ಧ ಬೆಟ್ಟದಲ್ಲಿ ಇರುವಾಗ ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ತಂಗಿಯ ಮಗಳು, ಹಿಂದೆ ಅವಳ ಗಂಡ.

‘ಏನ್ ಮಾವ ಇದು, ಚಿಕ್ಕ ಮಕ್ಕಳ ಹಾಗೆ! ಹೊತ್ತಾಗುತ್ತೆ, ಆರಿಸಿ, ವೈರು ಬಿಚ್ಚಬೇಕು.’

‘ಕೂತ್ಕೋ.’

‘ಆಟೋದವನು ಕಾಯ್ತಾ ಇದ್ದಾನೆ...’

‘ಕಾಯಲಿ. ಕಾಯೋರು ಬೇಕಾದಷ್ಟು ಜನ ಇದ್ದಾರೆ. ಗಾಜು ಇದೆ ಇದರಲ್ಲಿ, ಗೊತ್ತಾ?’

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಮಾವನಿಗೆ ತಲೆ ಕೆಟ್ಟಿದೆ ಎಂದು ಅಳಿಯನ ಹುಬ್ಬು ಹೇಳಿತು. ಆದರೂ ಅಂಗಡಿಗೆ ಮುಂಚೆ ಗಾಡಿ ಓಡಿಸುತ್ತಿದ್ದ ಅವನಿಗೆ ಇನ್ನೊಬ್ಬ ತಪ್ಪಾಗಿ ಓಡಿಸುವುದನ್ನು ನೋಡಿ ಸುಮ್ಮನಿರಲು ಆಗುತ್ತದೆಯೇ? ‘ಬಲಕ್ಕೆ ಮಾವ, ಬಲಕ್ಕೆ! ಅಯ್ಯೋ, ಏರಲ್ಲಿ ಬ್ರೇಕು ಹಿಡೀಬೇಡಿ!’ ಎಂದು ಕುರ್ಚಿಯ ಬೆನ್ನಿಗೆ ಜೋತುಬಿದ್ದ. ‘ಬಾಯಿ ಮುಚ್ಚು, ನಿನ್ನ ಗಾಡಿಯ ಸೀಟು ಹೊಲಿದವನು ನಾನು’ ಎಂದ ಮಾಸ್ತರ. ‘ಸೀಟು ಹೊಲಿದ್ರೆ ಸ್ಟೇರಿಂಗು ಬರುತ್ತಾ? ಎಡಕ್ಕೆ, ಎಡಕ್ಕೆ!’ ಕೊನೆಯ ತಿರುವು. ಹೊಳೆ. ಹುಡುಗಿ ಮಾತ್ರ ಇದಾವುದನ್ನೂ ನೋಡುತ್ತಿರಲಿಲ್ಲ. ನೆಲದ ಮೇಲೆ ಬಿದ್ದಿದ್ದ ಮೆರೂನು ಸಿಪ್ಪೆಯನ್ನೂ ಮಾಮನ ರಕ್ತ ಬಂದ ಅಂಗೈಯನ್ನೂ ತೆರೆದ ಕಿಟಕಿಯನ್ನೂ ನೋಡುತ್ತಿದ್ದಳು. ನೀರು ಮಿಂಚಿತು. ಪೆಟ್ಟಿಗೆಯೊಳಗಿನ ಫ್ಯಾನು ಜೋರಾಗಿ ಉಸಿರೆಳೆಯಿತು, ಬಿಟ್ಟಿತು. ಸೇತುವೆಯ ಕಂಬಗಳು ಒಂದೊಂದಾಗಿ ಬಂದವು, ಹೋದವು. ಕಪ್ಪಾಗಲಿಲ್ಲ.

ಆ ಕಡೆ ವಿಶೇಷವೇನೂ ಇರಲಿಲ್ಲ. ಇಂಥ ದೊಡ್ಡ ಸೇತುವೆ ಕಟ್ಟಿ ಆ ಕಡೆ ಇಟ್ಟದ್ದು ಇಷ್ಟೆಯೇ ಎಂದು ಅವನಿಗೆ ಅನ್ನಿಸಿತು. ನಾಲ್ಕು ಮರ, ಒಂದು ಗೋದಾಮು, ತೆರೆದ ಗೇಟು. ಯಾರೂ ಇರಲಿಲ್ಲ. ಅವನು ಹೇಳಿದ್ದ ಹಾಗೆಯೇ. ಅಳಿಯ ಹೇಳಿದಂತೆ ಹಿಂದೆ ಮುಂದೆ ಮಾಡಿ ಲಾರಿಯನ್ನು ಗೆರೆಯೊಳಗೆ ನಿಲ್ಲಿಸಿದ. ಪರದೆಯ ಮೇಲೆ ಅಕ್ಷರ ಮೂಡಿತು. ಅಳಿಯ ಓದಿ ಹೇಳಿದ: ‘ಸರಕು ತಲುಪಿದೆ. ಸ್ವಲ್ಪ ಒಡೆದಿದೆ. ತಡವಾಗಿ ತಲುಪಿದೆ.’

‘ತಡವಾಗಿ’ ಎಂದ ಮಾಸ್ತರ.

ಅಳಿಯ ಮೆತ್ತಗೆ, ‘ಆರಿಸ್ಲಾ ಮಾವ?’ ಎಂದ. ‘ಆರಿಸು.’ ವೈರು ಬಿಚ್ಚಿ ಪೆಟ್ಟಿಗೆಯನ್ನು ಎತ್ತುವಾಗ ರೀಲುಗಳು ಮೇಜಿನ ಮೇಲಿಂದ ಉರುಳಿ ನೆಲಕ್ಕೆ ಬಿದ್ದವು. ‘ಕವರು ಹರಿದುಬಿಟ್ರಾ? ಚೆನ್ನಾಗಿತ್ತಲ್ಲ. ಒಂದು ಹೊಸದು ಹೊಲಿದುಕೊಡಿ ಮಾವ, ಅಂಗಡೀಲಿ ಧೂಳು ಜಾಸ್ತಿ.’ ‘ಹೊಲಿಯಲ್ಲ’ ಎಂದ ಮಾಸ್ತರ. ‘ಅದು ಹಾಗೇ ಇರಲಿ. ಯಾರಾದರೂ ಏನಾದರೂ ಹೊದಿಸಿದರೆ ನನಗೆ ಹೇಳು.’ ಹುಡುಗಿ ಅವನ ಅಂಗೈಗೆ ಬಟ್ಟೆ ಸುತ್ತಲು ಬಂದಳು, ಅದಕ್ಕೂ ಬೇಡವೆಂದ.

ಅವರು ಹೋದ ಮೇಲೆ ಅವನು ರೀಲುಗಳನ್ನು ಹೆಕ್ಕಿ ಕಿಟಕಿಯ ಮೇಲೆ ಸಾಲಾಗಿ ಇಟ್ಟ. ಸಂಜೆಯ ಹೊತ್ತು. ಆಚೆ ಕೋಣೆಗೆ ಹೋಗದೆ, ಆ ಕುರ್ಚಿಯಲ್ಲೇ, ಅವಳ ತಗ್ಗಿನಲ್ಲೇ ಕೂತು, ಕೈ ಜೋಡಿಸಿದ. ಕಣ್ಣು ಮುಚ್ಚಲಿಲ್ಲ. ಎಂದಿನ ಮಾತುಗಳು ಬರಲಿಲ್ಲ, ಅಕ್ಕನೊಡನೆ ಆಡುವಂಥ ಮಾತುಗಳೇ ಬಂದವು.

‘ಭಗವಂತಾ, ನಮ್ಮಕ್ಕನ ಆತ್ಮಕ್ಕೆ ಶಾಂತಿ ಕೊಡಪ್ಪಾ. ಅಲ್ಲಿ ಯಾರಿದ್ದಾರೆ ಅಂತ ಅವಳು ಕೇಳಿದವಳಲ್ಲ, ಕೇಳದೆಯೇ ಬಂದಿದ್ದಾಳೆ. ಸೊಂಟ ನೋವಿದೆ, ಮಂಡಿ ನೋವಿದೆ, ಒಳ್ಳೇ ಜಾಗದಲ್ಲಿ ಕೂರಿಸು. ಗಾಳಿ ಆಡುವ ಕಡೆ ಇರಿಸು. ನಾನು ಆಸ್ಪತ್ರೆಯ ಆ ಬಿಳಿ ಬಟ್ಟೆ ಎಳೆದು ಮೂಲೆ ಸಮ ಮಾಡಿ ಕಳಿಸಿದ್ದೀನಿ, ನನ್ನ ಬುದ್ಧಿ ಅಷ್ಟೇ, ಆ ಬಟ್ಟೆಯನ್ನ ನೀನು ತೆಗೆದುಬಿಡು. ಅವಳ ಮೇಲೆ ಏನನ್ನೂ ಹೊದಿಸಬೇಡ.’